ಹೇಂಟೆಮರಿಗೆ ಅಪ್ಪನ ಬಣ್ಣ

ಜಾತ್ರೆಯ ಬೀದಿಯಲ್ಲಿ ರಟ್ಟಿನ ಪೆಟ್ಟಿಗೆ ಮುಂದಿಟ್ಟುಕೊಂಡು ಕೂತವನನ್ನು ಮಕ್ಕಳು ಮುತ್ತಿಕೊಂಡಿದ್ದರೆ ಒಳಗೇನಿದೆ ಎಂದು ಯಾರೂ ಕೇಳಬೇಕಿಲ್ಲ. ಗುಲಾಬಿ, ಹಸಿರು, ನೇರಳೆ, ಕಿತ್ತಳೆ ಬಣ್ಣದ ಕೋಳಿಮರಿಗಳು ಚಿಂವ್ ಚಿಂವ್ ಎನ್ನುತ್ತ ಒಂದರ ಮೇಲೊಂದು ಹತ್ತುತ್ತಿರುತ್ತವೆ. ಮಗು ಹಟ ಹಿಡಿಯುತ್ತದೆ, ಅಪ್ಪ ಜೇಬಿಗೆ ಕೈ ಹಾಕುತ್ತಾನೆ. ಮನೆಗೆ ಬಂದ ಮರಿ ಬದುಕಿದರೆ ಎರಡು ಮೂರು ವಾರದಲ್ಲಿ ಮರಿತುಪ್ಪಳ ಉದುರಿ ಪುಕ್ಕ ಬರುತ್ತದೆ. ಪುಕ್ಕ ಅಚ್ಚ ಬಿಳಿ. ಇನ್ನೊಂದೆರಡು ತಿಂಗಳು ಕಳೆದರೆ ಅದು ಕೊರಳೆತ್ತಿ ಕೂಗಲು ಕಲಿಯುತ್ತದೆ. ಮೊಟ್ಟೆ ಇಡುತ್ತದೆಂದು ಕಾದವರಿಗೆ ಸಿಗುವುದು ಹುಂಜ.

ಇದು ಗ್ರಹಚಾರವಲ್ಲ. ಆ ಪೆಟ್ಟಿಗೆಯಲ್ಲಿ ಇರುವುದೆಲ್ಲ ಹೆಚ್ಚುಕಡಿಮೆ ಗಂಡುಮರಿಗಳೇ. ಮೊಟ್ಟೆ ಕೋಳಿಯ ಹ್ಯಾಚರಿಗೆ ಗಂಡುಮರಿ ಬೇಡ. ಅದು ಮೊಟ್ಟೆಯನ್ನಂತೂ ಇಡದು, ಬ್ರಾಯ್ಲರ್‌ನಂತೆ ಬೇಗ ಮೈ ತುಂಬಿಕೊಳ್ಳುವ ತಳಿಯೂ ಅಲ್ಲ. ಹುಟ್ಟಿದ ದಿನವೇ ಬೇರ್ಪಟ್ಟು, ಕೆಲವು ಹೀಗೆ ಬಣ್ಣ ಹಚ್ಚಿಸಿಕೊಂಡು ಜಾತ್ರೆ ಸೇರುತ್ತವೆ. ಆದರೆ ಒಂದು ದಿನದ ಮರಿಯಲ್ಲಿ ಗಂಡು ಯಾವುದು ಹೆಣ್ಣು ಯಾವುದು ಎಂದು ಹೇಳುವುದು ಸುಲಭವಲ್ಲ. ಮರಿಯ ಹಿಂಭಾಗವನ್ನು ಮೆಲ್ಲಗೆ ಒತ್ತಿ, ಕಂಡೂ ಕಾಣದಷ್ಟು ಚಿಕ್ಕ ಉಬ್ಬೊಂದನ್ನು ನೋಡಿ ಹೇಳುವ ವಿದ್ಯೆಯನ್ನು ಜಪಾನಿನವರು 1920ರ ದಶಕದಲ್ಲಿ ಕಂಡುಕೊಂಡರು. ಅದನ್ನು ಕಲಿತವರು ಇವತ್ತಿಗೂ ಸಂಬಳಕ್ಕೆ ಅದೇ ಕೆಲಸ ಮಾಡುತ್ತಾರೆ. ಕೆಲವು ತಳಿಗಳಲ್ಲಿ ರೆಕ್ಕೆಯ ಗರಿ ಎಷ್ಟು ಉದ್ದ ಬಂದಿದೆ ಎಂದು ನೋಡಿಯೂ ಹೇಳುತ್ತಾರೆ.

ಹಿತ್ತಲಲ್ಲಿ ನಾಲ್ಕೈದು ಕೋಳಿ ಸಾಕಿಕೊಂಡವರಿಗೆ ಈ ವಿದ್ಯೆಗಳು ದಕ್ಕುವಂಥವಲ್ಲ. ಅವರು ಜುಟ್ಟು ಕೆಂಪಾಗುವ ತನಕ, ಬಾಲದ ಗರಿ ಬಾಗುವ ತನಕ ಕಾಯುತ್ತಾರೆ. ಅಷ್ಟರಲ್ಲಿ ಕಾಳು ಖರ್ಚಾಗಿರುತ್ತದೆ. ಮರಿಯ ಸ್ವಂತ ಬಣ್ಣ ನೋಡಿಯೇ ಹುಟ್ಟಿದ ದಿನ ಗಂಡು ಹೆಣ್ಣು ಹೇಳುವ ದಾರಿ ಒಂದಿದೆ ಎಂದರೆ ಇಂಥವರಿಗೇ ಹೆಚ್ಚು ಉಪಯೋಗ. ಅದಕ್ಕೆ ಯಂತ್ರ ಬೇಡ, ಜಪಾನೀ ಬೆರಳೂ ಬೇಡ. ಯಾವ ಹುಂಜಕ್ಕೆ ಯಾವ ಹೇಂಟೆ ಬಿಡಬೇಕು ಎಂಬ ಲೆಕ್ಕ ಗೊತ್ತಿದ್ದರೆ ಸಾಕು.

ನಮ್ಮಲ್ಲಿ ಕೋಳಿಯ ಬಣ್ಣದ ಬಗ್ಗೆ ಆಸಕ್ತಿಗೇನೂ ಬರವಿಲ್ಲ. ಹರಕೆಗೆ ಇಂಥದೇ ಬಣ್ಣದ ಹುಂಜ ಬೇಕು ಎನ್ನುವ ದೇವರುಗಳಿವೆ. ತುಳುನಾಡಿನ ಕೋಳಿ ಅಂಕದವರು ಪುಕ್ಕದ ಒಂದೊಂದು ಬಣ್ಣಕ್ಕೂ ಬೊಳ್ಳೆ, ಕೆಮ್ಮೈರೆ ಎಂದು ಹೆಸರಿಟ್ಟು, ಯಾವ ದಿನ ಯಾವ ಬಣ್ಣದ್ದು ಗೆಲ್ಲುತ್ತದೆಂದು ಹೇಳುವ ಕುಕ್ಕುಟ ಪಂಚಾಂಗವನ್ನೇ ಇಟ್ಟುಕೊಂಡಿದ್ದಾರೆ. ಗೆಲುವಿಗೂ ಬಣ್ಣಕ್ಕೂ ಏನು ಸಂಬಂಧವೋ ಪಂಚಾಂಗದವರೇ ಹೇಳಬೇಕು. ಬಣ್ಣಕ್ಕೂ ಹುಟ್ಟಿಗೂ ಇರುವ ಸಂಬಂಧ ಮಾತ್ರ ಲೆಕ್ಕಕ್ಕೆ ಸಿಗುವಂಥದ್ದು.

ಕೋಳಿಯ ಪುಕ್ಕದಲ್ಲಿ ಇರುವುದು ಎರಡೇ ವರ್ಣದ್ರವ್ಯ. ಒಂದು ಕಪ್ಪು ಮೆಲನಿನ್, ಇನ್ನೊಂದು ಕೆಂಪುಗಂದು ಮೆಲನಿನ್. ಹುಂಜದ ಬಾಲದಲ್ಲಿ ಬಿಸಿಲಿಗೆ ಹೊಳೆಯುವ ಹಸಿರು ಈ ಲೆಕ್ಕಕ್ಕೆ ಬರುವುದಿಲ್ಲ. ಅದು ಕಪ್ಪು ಮೆಲನಿನ್ ಕಣಗಳು ಪದರಪದರವಾಗಿ ಕೂತಿರುವುದರಿಂದ ಬೆಳಕಿನಲ್ಲಿ ಹುಟ್ಟುವ ಮಿಂಚು. ಬೂದು, ಬಿಳಿ, ಚುಕ್ಕೆ, ಪಟ್ಟೆ, ಹೊನ್ನು, ಬೆಳ್ಳಿ ಎಲ್ಲವೂ ಇವೆರಡು ದ್ರವ್ಯಗಳನ್ನು ಎಲ್ಲಿ ಹಾಕಬೇಕು, ಎಷ್ಟು ತೆಳುವಾಗಿಸಬೇಕು, ಎಲ್ಲಿ ತಡೆಯಬೇಕು ಎಂದು ಬೇರೆ ಬೇರೆ ಜೀನ್‌ಗಳು ಮಾಡುವ ತೀರ್ಮಾನ. ಹಾಗಾಗಿ ಕೆಂಪು ಹುಂಜಕ್ಕೆ ಬಿಳಿ ಹೇಂಟೆ ಬಿಟ್ಟರೆ ನಸುಗೆಂಪು ಮರಿ ಹುಟ್ಟುತ್ತದೆ ಎಂಬ ಲೆಕ್ಕ ಬಹಳ ಸಲ ಸುಳ್ಳಾಗುತ್ತದೆ.

ಮೊದಲ ತೀರ್ಮಾನ ಎಂಸಿ1ಆರ್ ಎಂಬ ಜೀನ್‌ನದು. ಮನುಷ್ಯರಲ್ಲಿ ಕೆಂಗೂದಲು ಬರುವುದೂ ಇದೇ ಜೀನ್‌ನ ವ್ಯತ್ಯಾಸದಿಂದ. ಇದರ ಒಂದು ರೂಪ ಕೋಳಿಯ ಮೈಯನ್ನೆಲ್ಲ ಕಪ್ಪು ಮಾಡುತ್ತದೆ. ಕಾಡುಕೋಳಿಯಿಂದ ಬಂದ ಮೂಲ ರೂಪದಲ್ಲಿ ಹುಂಜಕ್ಕೆ ಹೊನ್ನಗೆಂಪಿನ ಕತ್ತು, ಕಪ್ಪು ಎದೆ, ಕಪ್ಪು ಬಾಲ. ಹೇಂಟೆಗೆ ತರಗೆಲೆಯ ನಡುವೆ ಕಾವಿಗೆ ಕೂತರೆ ಕಣ್ಣಿಗೆ ಬೀಳದ ಕಂದು. ಮರಿಯಲ್ಲೇ ಇದರ ಸುಳಿವು ಸಿಗುತ್ತದೆ. ಮೂಲ ರೂಪದ ಮರಿಗೆ ಬೆನ್ನುದ್ದಕ್ಕೂ ಕಂದು ಗೆರೆಗಳು, ಕಣ್ಣಿನ ಪಕ್ಕದಲ್ಲಿ ಕಾಡಿಗೆ ತೀಡಿದ ಒಂದು ಎಳೆ. ಕಪ್ಪು ರೂಪದ ಮರಿಗೆ ಬೆನ್ನು ಕಪ್ಪು, ಹೊಟ್ಟೆ ಬಿಳಿಮಾಸಲು. ಆ ಬಿಳುಪು ಪುಕ್ಕ ಬಂದಂತೆ ಮುಚ್ಚಿಹೋಗುತ್ತದೆ. "ಹುಟ್ಟುವಾಗ ಹೊಟ್ಟೆ ಬಿಳಿ ಇತ್ತು, ಬೆಳೆದ ಮೇಲೆ ಕರ್ರಗಾಯ್ತು" ಎಂದು ಸಾಕಿದವರು ಹೇಳುವುದು ಈ ಮರಿಗಳನ್ನೇ.

ಒಂದೇ ಜೀನ್ ಇದ್ದರೂ ಹುಂಜಕ್ಕೆ ಅಷ್ಟು ಬೆಡಗು, ಹೇಂಟೆಗೆ ಮಂಕು ಬಣ್ಣ ಏಕೆ? ಇದು ಹೆಣ್ಣಿನ ಹಾರ್ಮೋನ್ ಮಾಡುವ ಕೆಲಸ. ಕೋಳಿಯಲ್ಲಿ ಹಾರ್ಮೋನ್ ಇಲ್ಲದಿದ್ದರೆ ಬರುವುದು ಹುಂಜದ ಪುಕ್ಕವೇ. ಈಸ್ಟ್ರೋಜೆನ್ ಅದನ್ನು ತಡೆದು ಹೇಂಟೆಯ ಪುಕ್ಕ ಕೊಡುತ್ತದೆ. ಹೇಂಟೆಗೆ ಕೆಲಸ ಮಾಡುವ ಅಂಡಾಶಯ ಇರುವುದು ಒಂದೇ, ಎಡಗಡೆಯದು. ಅದು ರೋಗದಿಂದ ಹಾಳಾದರೆ ಮುಂದಿನ ಪುಕ್ಕ ಉದುರುವ ಕಾಲಕ್ಕೆ ಹೇಂಟೆ ಹುಂಜದ ಕತ್ತು, ಹುಂಜದ ಬಾಲ ತೊಟ್ಟುಕೊಳ್ಳುತ್ತದೆ, ಕೆಲವು ಕೂಗುವುದೂ ಉಂಟು. ಕೂಗುವ ಹೇಂಟೆ ಮನೆಗೆ ಕೇಡು ಎಂದು ನಮ್ಮವರು ಅದನ್ನು ಬೇಗ ಸಾರು ಮಾಡಿ ಮುಗಿಸುತ್ತಿದ್ದರು. ಈಗಿನ ಸ್ವಿಟ್ಜರ್ಲೆಂಡಿನ ಬಾಸೆಲ್ ಊರಿನವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ 1474ರಲ್ಲಿ ಮೊಟ್ಟೆ ಇಟ್ಟಿತೆಂಬ ತಪ್ಪಿಗೆ 'ಹುಂಜ'ವೊಂದನ್ನು ವಿಚಾರಣೆ ನಡೆಸಿ ಸುಟ್ಟರು. ಪಾಪ, ಅದು ಪುಕ್ಕ ಬದಲಾಯಿಸಿದ ಹೇಂಟೆಯೇ ಇದ್ದೀತು.

ಈಗ ಲೆಕ್ಕದ ಮುಖ್ಯ ಭಾಗಕ್ಕೆ ಬರೋಣ. ಮನುಷ್ಯರಲ್ಲಿ ಹೆಣ್ಣಿಗೆ ಎರಡು ಎಕ್ಸ್ ವರ್ಣತಂತು, ಗಂಡಿಗೆ ಒಂದು ಎಕ್ಸ್, ಒಂದು ವೈ ಎಂದು ಶಾಲೆಯಲ್ಲಿ ಓದಿದ್ದೇವೆ. ಹಕ್ಕಿಗಳಲ್ಲಿ ಇದು ತಿರುವುಮುರುವು. ಹುಂಜಕ್ಕೆ ಎರಡು ಝಡ್, ಹೇಂಟೆಗೆ ಒಂದು ಝಡ್ ಮತ್ತು ಒಂದು ಡಬ್ಲ್ಯು. ಹುಂಜ ಎಲ್ಲ ಮರಿಗಳಿಗೂ ಒಂದು ಝಡ್ ಕೊಡುತ್ತದೆ. ಹೇಂಟೆ ತನ್ನ ಝಡ್ ಅನ್ನು ಗಂಡುಮರಿಗೆ ಮಾತ್ರ ಕೊಡುತ್ತದೆ. ಹೆಣ್ಣುಮರಿಗೆ ಅದರಿಂದ ಸಿಗುವುದು ಡಬ್ಲ್ಯು. ಆ ಡಬ್ಲ್ಯುವಿನಲ್ಲಿ ಬಣ್ಣದ ಜೀನ್‌ಗಳಿಲ್ಲ. ಅಂದರೆ ಝಡ್ ಮೇಲೆ ಕೂತಿರುವ ಯಾವುದೇ ಬಣ್ಣವನ್ನು ಹೆಣ್ಣುಮರಿ ಅಪ್ಪನಿಂದಷ್ಟೇ ಪಡೆಯಬಲ್ಲದು. ಅವ್ವನ ಪುಕ್ಕದಲ್ಲಿ ಆ ಬಣ್ಣ ಎಷ್ಟೇ ಎದ್ದು ಕಂಡರೂ ಮಗಳಿಗೆ ಅದು ಬರುವುದಿಲ್ಲ, ಮಗನಿಗೆ ಬರುತ್ತದೆ.

ಪಟ್ಟೆಪಟ್ಟೆ ಪುಕ್ಕದ ಕೋಳಿಯನ್ನು ನೋಡಿರುತ್ತೀರಿ. ಒಂದೊಂದು ಗರಿಯ ಮೇಲೂ ಅಡ್ಡಡ್ಡಕ್ಕೆ ಕಪ್ಪು, ಬಿಳಿ, ಕಪ್ಪು, ಬಿಳಿ. ಅಮೆರಿಕದ ಬಾರ್ಡ್ ಪ್ಲಿಮತ್ ರಾಕ್ ಎಂಬ ತಳಿ ಇದಕ್ಕೆ ಹೆಸರುವಾಸಿ. ಈ ಪಟ್ಟೆಯ ಜೀನ್ ಝಡ್ ಮೇಲಿದೆ, ಪ್ರಬಲವೂ ಹೌದು. ಹುಂಜಕ್ಕೆ ಎರಡು ಪ್ರತಿ ಇರಬಹುದಾದ್ದರಿಂದ ಬಿಳಿಪಟ್ಟೆ ಅಗಲ, ಒಟ್ಟಾರೆ ಮೈ ತೆಳುಬೂದು. ಹೇಂಟೆಗೆ ಒಂದೇ ಪ್ರತಿ, ಹಾಗಾಗಿ ಕಡುಬೂದು. ಈ ಪಟ್ಟೆ ಹೆಣ್ಣು-ಗಂಡಿನ ಬೆನ್ನು ಹಿಡಿದು ಹೋಗುತ್ತದೆ ಎಂದು 1908ರಲ್ಲಿ ಮೊದಲಿಗೆ ಬರೆದವರು ಅಮೆರಿಕದ ಕೃಷಿ ವಿಜ್ಞಾನಿ ವಿಲಿಯಂ ಸ್ಪಿಲ್‌ಮನ್. ಇದೇ ಲೆಕ್ಕವನ್ನು ತೋರಿಸಿಕೊಟ್ಟ ಬಿಳಿಗಣ್ಣಿನ ನೊಣವನ್ನು ತಳಿವಿಜ್ಞಾನಿ ಥಾಮಸ್ ಮಾರ್ಗನ್ ಕಂಡದ್ದು ಅದಾಗಿ ಎರಡು ವರ್ಷಕ್ಕೆ. ಕೀರ್ತಿಯೆಲ್ಲ ನೊಣದ ಪಾಲಾಯಿತು, ಕೋಳಿಯನ್ನು ಪಠ್ಯಪುಸ್ತಕಗಳು ಬಹುಪಾಲು ಮರೆತವು.

ಪ್ರಯೋಗ ಹೀಗೆ. ಪಟ್ಟೆ ಇರುವ ಹೇಂಟೆಗೆ ಪಟ್ಟೆ ಇಲ್ಲದ ಹುಂಜವನ್ನು ಬಿಡಿ. ಅದು ಕಪ್ಪಾಗಿರಲಿ, ರೋಡ್ ಐಲೆಂಡ್ ರೆಡ್‌ನಂತೆ ಕೆಂಪಾಗಿರಲಿ. ಇಪ್ಪತ್ತೊಂದನೆಯ ದಿನ ಮೊಟ್ಟೆ ಒಡೆದು ಬರುವ ಮರಿಗಳೆಲ್ಲ ಮೇಲ್ನೋಟಕ್ಕೆ ಕಪ್ಪು. ಒಂದೊಂದನ್ನೇ ಕೈಗೆತ್ತಿಕೊಂಡು ನೆತ್ತಿ ನೋಡಿ. ಕೆಲವಕ್ಕೆ ನೆತ್ತಿಯ ಮೇಲೆ ಬಿಳಿ ಚುಕ್ಕೆ ಇರುತ್ತದೆ. ಅವು ಗಂಡು, ಅವ್ವನ ಪಟ್ಟೆ ಪಡೆದವು. ನೆತ್ತಿ ಕಪ್ಪಾಗಿರುವವು ಹೆಣ್ಣು. ಅಪ್ಪನಿಗೆ ಪಟ್ಟೆ ಇರಲಿಲ್ಲ, ಅವಕ್ಕೂ ಇಲ್ಲ. ಬೆಳೆದಂತೆ ಗಂಡಿಗೆ ಪಟ್ಟೆಯ ಪುಕ್ಕ ಬರುತ್ತದೆ, ಹೆಣ್ಣು ಪಟ್ಟೆಯಿಲ್ಲದೆ ಕಪ್ಪಾಗಿಯೇ ಉಳಿಯುತ್ತದೆ. ಇದೇ ಜೋಡಿಯನ್ನು ಅದಲುಬದಲು ಮಾಡಿ, ಪಟ್ಟೆ ಹುಂಜಕ್ಕೆ ಕಪ್ಪು ಹೇಂಟೆ ಬಿಟ್ಟರೆ ಎಲ್ಲ ಮರಿಗೂ ಚುಕ್ಕೆ ಬರುತ್ತದೆ, ಗುಟ್ಟು ಗುಟ್ಟಾಗಿಯೇ ಉಳಿಯುತ್ತದೆ.

ಎರಡು ಎಚ್ಚರಿಕೆ ಬೇಕು. ಚುಕ್ಕೆ ಸ್ಪಷ್ಟವಾಗಿ ಕಾಣುವುದು ಮರಿಯ ತುಪ್ಪಳ ಕಪ್ಪಾಗಿದ್ದರೆ ಮಾತ್ರ. ಪ್ಲಿಮತ್ ರಾಕ್ ಹೇಂಟೆ ಪಟ್ಟೆಯ ಜೊತೆಗೆ ಕಪ್ಪು ಮೈಯ ಪ್ರಬಲ ಜೀನನ್ನೂ ಕೊಡುತ್ತದೆ, ಹಾಗಾಗಿ ಅದರ ಮರಿಗಳಲ್ಲಿ ಲೆಕ್ಕ ಸರಿಹೋಗುತ್ತದೆ. ಪಟ್ಟೆ ಇರುವ ನಮ್ಮ ನಾಟಿ ಹೇಂಟೆಗಳಲ್ಲಿ ಹಲವಕ್ಕೆ ಕೆಳಬಣ್ಣ ಕಂದು. ಗೆರೆ ಇರುವ ಮರಿಯ ನೆತ್ತಿಯಲ್ಲಿ ಚುಕ್ಕೆ ಹುಡುಕಿದರೆ ಮೋಸ ಹೋಗುತ್ತೀರಿ. ಇನ್ನೊಂದು, ಊರ ಹುಂಜಗಳದ್ದು. ಹೇಂಟೆಯ ಮೈಯೊಳಗೆ ಹುಂಜದ ವೀರ್ಯ ಎರಡು ಮೂರು ವಾರ ಉಳಿಯುತ್ತದೆ. ಹೊಸ ಹುಂಜ ತಂದ ಮರುದಿನವೇ ಮೊಟ್ಟೆ ಕೂಡಿಟ್ಟು ಕಾವಿಗೆ ಕೂರಿಸಿದರೆ ಹುಟ್ಟುವುದು ಪಕ್ಕದ ಮನೆಯ ಹುಂಜದ ಮಕ್ಕಳೇ ಇರಬಹುದು. ಹೇಂಟೆಯನ್ನು ಮೂರು ವಾರ ಬೇರೆ ಇಟ್ಟು ಆಮೇಲೆ ಲೆಕ್ಕ ಶುರು ಮಾಡಬೇಕು.

ಬಣ್ಣ ನೋಡಿ ಮರಿ ಬೇರ್ಪಡಿಸುವ ಈ ಉಪಾಯವನ್ನು ರೈತರಿಗೆ ದಾಟಿಸಿದವರು ಕೇಂಬ್ರಿಜ್‌ನ ರೆಜಿನಾಲ್ಡ್ ಪನೆಟ್. ಪಿಯುಸಿಯಲ್ಲಿ ಬಟಾಣಿಯ ಎತ್ತರ-ಗಿಡ್ಡ ಲೆಕ್ಕಕ್ಕೆ ಚೌಕ ಎಳೆದು ನಾಲ್ಕು ಮನೆ ಮಾಡಿ ತುಂಬಿದ್ದು ನೆನಪಿದ್ದರೆ, ಆ ಚೌಕ ಇವರದೇ. ಪನೆಟ್ ಮತ್ತು ಅವರ ಗುರು ವಿಲಿಯಂ ಬೇಟ್ಸನ್ ಕೋಳಿಗೂಡಿನಲ್ಲಿ ಕಳೆದ ವೇಳೆ ಕಡಿಮೆಯೇನಲ್ಲ. ಮೆಂಡೆಲ್‌ನ ನಿಯಮ ಪ್ರಾಣಿಗಳಿಗೂ ಅನ್ವಯಿಸುತ್ತದೆಂದು 1902ರಲ್ಲಿ ಬೇಟ್ಸನ್ ತೋರಿಸಿದ್ದು ಕೋಳಿಯ ಜುಟ್ಟಿನಿಂದ. ಮೊದಲ ಮಹಾಯುದ್ಧದಲ್ಲಿ ಬ್ರಿಟನ್ನಿಗೆ ಕಾಳಿನ ಕೊರತೆ ಬಂದಾಗ, ಬೇಡದ ಗಂಡುಮರಿಗಳಿಗೆ ತಿಂಗಳುಗಟ್ಟಲೆ ಮೇವು ಹಾಕುವ ಬದಲು ಬಣ್ಣ ನೋಡಿ ಹುಟ್ಟಿದಾಗಲೇ ಬೇರ್ಪಡಿಸಿ ಎಂದು ಪನೆಟ್ ಸೂಚಿಸಿದರು. ಮುಂದೆ ಮೈಕೆಲ್ ಪೀಸ್ ಜೊತೆ ಸೇರಿ, ಪ್ರತಿ ಪೀಳಿಗೆಯಲ್ಲೂ ಬಣ್ಣದಿಂದಲೇ ಗಂಡು ಹೆಣ್ಣು ತಿಳಿಯುವ ಕ್ಯಾಂಬಾರ್ ಎಂಬ ತಳಿಯನ್ನೇ ಕಟ್ಟಿದರು.

ಝಡ್ ಮೇಲಿನ ಇನ್ನೊಂದು ಜೀನ್ ಹೊನ್ನು-ಬೆಳ್ಳಿಯದು. ಬೆಳ್ಳಿ ರೂಪ ಪ್ರಬಲ. ಅದು ಪುಕ್ಕದ ಕೆಂಪನ್ನು ಅಳಿಸಿ ಬಿಳುಪು ಮಾಡುತ್ತದೆ. ಹೊನ್ನಿನ ಹುಂಜಕ್ಕೆ ಬೆಳ್ಳಿಯ ಹೇಂಟೆ ಬಿಟ್ಟರೆ ಹೆಣ್ಣುಮರಿಗಳು ಅಪ್ಪನಂತೆ ಕೆಂಪುಗಂದು, ಗಂಡುಮರಿಗಳು ಅವ್ವನಂತೆ ನಸುಹಳದಿ-ಬಿಳಿ. ಜಗತ್ತಿನ ಕಂದು ಮೊಟ್ಟೆಯ ಕೈಗಾರಿಕೆ ಬಹುಮಟ್ಟಿಗೆ ನಿಂತಿರುವುದು ಈ ಒಂದು ಲೆಕ್ಕದ ಮೇಲೆ. ಹ್ಯಾಚರಿಯ ಕೆಲಸದವರು ಮರಿಯ ಹಿಂಭಾಗ ನೋಡುವ ಗೋಜಿಗೇ ಹೋಗುವುದಿಲ್ಲ. ಕೆಂಪು ಈ ಕಡೆ, ಬಿಳಿ ಆ ಕಡೆ. ಬಿಳಿಯದರ ಗತಿ ಏನೆಂದು ಕೇಳಿದ ಜರ್ಮನಿ 2022ರ ಜನವರಿಯಿಂದ ಗಂಡುಮರಿಗಳನ್ನು ಹುಟ್ಟಿದ ದಿನ ಕೊಲ್ಲುವುದನ್ನು ಕಾನೂನಿನಿಂದ ನಿಲ್ಲಿಸಿತು. ಆಮೇಲೆ ಬಳಕೆಗೆ ಬಂದ ವಿಧಾನಗಳಲ್ಲಿ ಒಂದು, ಹದಿಮೂರನೆಯ ದಿನ ಮೊಟ್ಟೆಯ ಒಳಕ್ಕೆ ಬೆಳಕು ಹಾಯಿಸಿ, ಚಿಪ್ಪನ್ನು ಒಡೆಯದೆಯೇ ಭ್ರೂಣದ ಪುಕ್ಕದ ಬಣ್ಣವನ್ನು ಓದುವುದು. ಕೆಂಪು ಕಂಡರೆ ಹೆಣ್ಣು. ಬಿಳಿ ಮೊಟ್ಟೆಯ ಲೆಗಾರ್ನ್‌ಗೆ ಇದು ನಡೆಯುವುದಿಲ್ಲ. ಅದರಲ್ಲಿ ಗಂಡೂ ಬಿಳಿ, ಹೆಣ್ಣೂ ಬಿಳಿ.

ಬಿಳಿ ಎಂದ ಮೇಲೆ ಸ್ವಲ್ಪ ನಿಲ್ಲಬೇಕು. ಬಿಳಿ ಪುಕ್ಕ ಕೋಳಿಯ ಬಣ್ಣಗಳಲ್ಲೆಲ್ಲ ದೊಡ್ಡ ಮಾಯಾವಿ. ಅದರಲ್ಲಿ ಪ್ರಬಲ, ದುರ್ಬಲ ಎಂದು ಎರಡು ಬಗೆ. ಲೆಗಾರ್ನ್‌ನದು ಪ್ರಬಲ ಬಿಳಿ. ಕಪ್ಪು ಮೆಲನಿನ್ ಅನ್ನು ಅದು ಚೆನ್ನಾಗಿ ತಡೆಯುತ್ತದೆ, ಕೆಂಪಿನ ಮೇಲೆ ಅದರ ಆಟ ಅಷ್ಟಾಗಿ ನಡೆಯದು. ಫಾರಂನಿಂದ ತಂದ ಬಿಳಿ ಹೇಂಟೆಗೆ ಊರಿನ ಕೆಂಪು ಹುಂಜ ಕೂಡಿ ಮರಿ ಮಾಡಿದ ಮನೆಗಳಲ್ಲಿ ನೋಡಿ: ಮೈ ಬಿಳಿ, ಆದರೆ ಹುಂಜಮರಿಯ ಹೆಗಲ ಮೇಲೆ ಇಟ್ಟಿಗೆಪುಡಿ ಉದುರಿಸಿದ ಹಾಗೆ ಕೆಂಪು, ಬೆನ್ನಲ್ಲೋ ಬಾಲದಲ್ಲೋ ಒಂದೆರಡು ಕಪ್ಪು ಗರಿ. ಆ ಬಿಳಿಯ ಅಡಿಯಲ್ಲಿ ಕಪ್ಪು ಪೂರ್ತಿ ಇದೆ, ಮೇಲೆ ಬರಲು ಬಿಟ್ಟಿಲ್ಲ ಅಷ್ಟೇ.

ದುರ್ಬಲ ಬಿಳಿಯ ಕಥೆ ಬೇರೆ. ಅದು ಮನೆಯ ಮೇನ್ ಸ್ವಿಚ್ ಇದ್ದಂತೆ. ಇಳಿಸಿದರೆ ಒಳಗೆ ಯಾವ ಯಾವ ದೀಪಗಳಿದ್ದವು ಎಂದು ಹೊರಗಿನವರಿಗೆ ತಿಳಿಯುವುದಿಲ್ಲ. ಮೆಲನಿನ್ ತಯಾರಿಸಲು ಬೇಕಾದ ಟೈರೋಸಿನೇಸ್ ಎಂಬ ಕಿಣ್ವದ ಜೀನ್‌ನೊಳಗೆ ಯಾವುದೋ ಕಾಲದಲ್ಲಿ ಒಂದು ವೈರಸ್‌ನ ತುಣುಕು ಹೊಕ್ಕು ಕೂತದ್ದೇ ಇದಕ್ಕೆ ಕಾರಣ ಎಂದು 2006ರಲ್ಲಿ ತಿಳಿಯಿತು. (ದಕ್ಷಿಣ ಅಮೆರಿಕದ ಕೆಲವು ಕೋಳಿಗಳು ನೀಲಿ ಮೊಟ್ಟೆ ಇಡುವುದೂ ಇಂಥದೇ ವೈರಸ್ ತುಣುಕಿನ ಪ್ರತಾಪ.) ಈ ಬಿಳಿ ಕಾಣಬೇಕಾದರೆ ಅಪ್ಪನಿಂದಲೂ ಅವ್ವನಿಂದಲೂ ಒಂದೊಂದು ಪ್ರತಿ ಬರಬೇಕು. ಒಂದೇ ಪ್ರತಿ ಇರುವ ಕೋಳಿ ಕೆಂಪಾಗಿಯೋ ಕಪ್ಪಾಗಿಯೋ ಇದ್ದು ಪೀಳಿಗೆಗಳ ಕಾಲ ಬಿಳಿಯನ್ನು ಮುಚ್ಚಿಟ್ಟುಕೊಂಡು ಸಾಗಬಲ್ಲದು. ಬಣ್ಣದ ಹುಂಜ, ಬಣ್ಣದ ಹೇಂಟೆ, ಕಾವಿನಿಂದೆದ್ದ ಮರಿಗಳಲ್ಲಿ ಒಂದೆರಡು ಬಿಳಿ ಎಂದರೆ ಪಕ್ಕದ ಮನೆಯ ಹುಂಜವನ್ನು ಅನುಮಾನಿಸುವ ಮೊದಲು ಇದನ್ನು ನೆನೆಯಬೇಕು.

ಬ್ರಾಯ್ಲರ್ ಬೆಳ್ಳಗಿರುವುದು ರುಚಿಗೋ ತೂಕಕ್ಕೋ ಅಲ್ಲ. ಪುಕ್ಕ ಕಿತ್ತ ಮೇಲೆ ಚರ್ಮದಲ್ಲಿ ಉಳಿಯುವ ಎಳೆಗರಿಗಳ ಬುಡ ಬಿಳಿಯಾಗಿದ್ದರೆ ಕಾಣುವುದಿಲ್ಲ, ಕಪ್ಪಾಗಿದ್ದರೆ ಗಿರಾಕಿ ಮೂಗು ಮುರಿಯುತ್ತಾನೆ. ನಮ್ಮ ಹಳ್ಳಿಯ ಗಿರಾಕಿ ಇದಕ್ಕೆ ತದ್ವಿರುದ್ಧ. ಅವನಿಗೆ ಬಿಳಿ ಎಂದರೆ ಫಾರಂ ಕೋಳಿ, ಬಣ್ಣದ್ದು ಎಂದರೆ ನಾಟಿ, ನಾಟಿ ಎಂದರೆ ಹೆಚ್ಚು ರೇಟು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳದಲ್ಲಿ ರೂಪುಗೊಂಡ ಗಿರಿರಾಜ ಬಣ್ಣಬಣ್ಣದ ಪುಕ್ಕ ಹೊತ್ತು ಹಿತ್ತಲಿಗೆ ಬಂದದ್ದು ಈ ಮನಸ್ಸಿಗೆ ಸರಿಹೊಂದುತ್ತದೆ. ಬಯಲಲ್ಲಿ ಮೇಯುವ ಕೋಳಿ ಹದ್ದಿನ ಕಣ್ಣಿಗೆ ಬೆಳ್ಳಗೆ ಹೊಳೆಯದಿರುವುದೂ ಒಳ್ಳೆಯದೇ. ಆದರೆ ಗಿರಿರಾಜ ಸಂಕರ ತಳಿ. ಅದರ ಮೊಟ್ಟೆಯನ್ನೇ ಕಾವಿಗೆ ಕೂರಿಸಿ "ಗಿರಿರಾಜದ ಮರಿ" ಎಂದು ಮಾರುವವರಿದ್ದಾರೆ. ಎರಡನೆಯ ಪೀಳಿಗೆಯಲ್ಲಿ ಬಣ್ಣವೂ ಚದುರುತ್ತದೆ, ಮೈತೂಕವೂ ಚದುರುತ್ತದೆ. ಬಣ್ಣ ಚದುರುವುದು ಕಣ್ಣಿಗೆ ಕಾಣುವುದರಿಂದ ಅದನ್ನಾದರೂ ಎಚ್ಚರಿಕೆಯ ಗಂಟೆಯೆಂದು ತಿಳಿಯಬಹುದು.

ಫ್ಯಾನ್ಸಿ ಕೋಳಿ ಸಾಕುವವರ ನೀಲಿಯ ಬಗ್ಗೆ ಎರಡೇ ಮಾತು. ಅವರು ನೀಲಿ ಎನ್ನುವುದು ನಮ್ಮ ಕಣ್ಣಿಗೆ ಬೂದು. ಕಪ್ಪನ್ನು ತೆಳುವಾಗಿಸುವ ಜೀನ್ ಒಂದು ಪ್ರತಿ ಇದ್ದರೆ ಈ ನೀಲಿ, ಎರಡಿದ್ದರೆ ಮಾಸಲು ಬಿಳಿಯ ಮೇಲೆ ಶಾಯಿ ಚೆಲ್ಲಿದಂಥ ಕಲೆಗಳು. ನೀಲಿಗೆ ನೀಲಿ ಬಿಟ್ಟರೆ ಮರಿಗಳಲ್ಲಿ ಸುಮಾರು ಅರ್ಧ ನೀಲಿ, ಕಾಲುಭಾಗ ಕಪ್ಪು, ಕಾಲುಭಾಗ ಕಲೆಯವು. ಪೂರ್ತಿ ನೀಲಿಯೇ ಬೇಕೆಂದರೆ ಕಪ್ಪಿಗೆ ಕಲೆಯದನ್ನು ಬಿಡಬೇಕು. ದುಬಾರಿ ಬೆಲೆಗೆ "ಶುದ್ಧ ನೀಲಿ ಜೋಡಿ" ಕೊಂಡವರು ಮರಿ ನೋಡಿ ಜಗಳಕ್ಕೆ ಹೋಗುವುದುಂಟು. ಮಾರಿದವನ ತಪ್ಪಿಲ್ಲ, ಶುದ್ಧ ಎಂದದ್ದಷ್ಟೇ ತಪ್ಪು.

ಕಡಕನಾಥ್ ವಿಷಯದಲ್ಲಿ ಮಾರುವವರ ಬಗ್ಗೆ ನನಗೆ ಅಷ್ಟು ಉದಾರಭಾವ ಇಲ್ಲ. ಮಧ್ಯಪ್ರದೇಶದ ಝಾಬುವಾದ ಭಿಲ್ ಸಮುದಾಯದವರು ಸಾಕಿಕೊಂಡು ಬಂದ ಈ ಕೋಳಿಯ ಮಾಂಸಕ್ಕೆ 2018ರಲ್ಲಿ ಭೌಗೋಳಿಕ ಗುರುತಿನ (ಜಿಐ) ಮಾನ್ಯತೆ ಸಿಕ್ಕಿತು. ಅಲ್ಲಿಂದೀಚೆಗೆ ನಮ್ಮ ಸಂತೆಗಳಲ್ಲೂ ಕರಿ ಕೋಳಿಗಳ ಸುಗ್ಗಿ. "ತಗೊಳ್ಳಿ ಸಾರ್, ಪಕ್ಕಾ ಕಡಕನಾಥ್, ನೋಡಿ ಎಷ್ಟು ಕರ್ರಗಿದೆ" ಎನ್ನುವವನು ತೋರಿಸುವುದು ಪುಕ್ಕವನ್ನು. ಕಪ್ಪು ಪುಕ್ಕ ಯಾವ ನಾಟಿ ಕೋಳಿಗೂ ಇರಬಹುದು. ಕಡಕನಾಥ್‌ನಲ್ಲೇ ಹೊನ್ನಿನ ಛಾಯೆಯ, ಬಿಳಿ ಗೆರೆಯ ಪುಕ್ಕದವೂ ಇವೆ. ಅದರ ವಿಶೇಷ ಇರುವುದು ಪುಕ್ಕದ ಒಳಗೆ: ಚರ್ಮ, ಜುಟ್ಟು, ನಾಲಿಗೆ, ಮಾ‌ಂಸ, ಎಲುಬಿನ ಹೊದಿಕೆ ಎಲ್ಲ ಕಪ್ಪು. ಮೊಟ್ಟೆ ಮಾತ್ರ ಕಪ್ಪಲ್ಲ, ನಸುಗಂದು ಬಣ್ಣದ್ದು. ಕಪ್ಪು ಮೊಟ್ಟೆ ತೋರಿಸುವವನ ಹತ್ತಿರ ನಿಲ್ಲಲೂ ಬೇಡಿ.

ಈ ಒಳಗಪ್ಪಿಗೆ ಕಾರಣ ಇಪ್ಪತ್ತನೆಯ ವರ್ಣತಂತುವಿನಲ್ಲಿ ಒಂದು ತುಂಡು ಇಮ್ಮಡಿಯಾಗಿರುವುದು. ಬಣ್ಣದ ಕೋಶಗಳನ್ನು ಬೆಳೆಯಲು, ಹರಡಲು ಪ್ರಚೋದಿಸುವ ಜೀನ್ ಆ ತುಂಡಿನಲ್ಲಿದೆ. ಮಾಮೂಲಿ ಕೋಳಿಯ ಭ್ರೂಣದಲ್ಲಿ ಈ ಕೋಶಗಳು ಚರ್ಮದತ್ತ, ಗರಿಯತ್ತ ಮಾತ್ರ ಸಾಗುತ್ತವೆ. ಇಲ್ಲಿ ಅವು ಒಳಗಿನ ಅಂಗಗಳಿಗೂ ನುಗ್ಗಿ ಬೀಡುಬಿಡುತ್ತವೆ. ಚೀನಾದ ಸಿಲ್ಕಿ, ಇಂಡೊನೇಷ್ಯಾದ ಆಯಾಮ್ ಚೆಮಾನಿ, ಸ್ವೀಡನ್ನಿನ ಒಂದು ಕರಿಕೋಳಿ ಎಲ್ಲದರಲ್ಲೂ ಇರುವುದು ಇದೇ ಎಡವಟ್ಟು. ಬೇರೆ ಬೇರೆ ದೇಶಗಳಲ್ಲಿ ಬೇರೆ ಬೇರೆಯಾಗಿ ಆದದ್ದಲ್ಲ. ಎಲ್ಲೋ ಒಮ್ಮೆ ಆಗಿ, ಜನರ ಕೈಯಲ್ಲಿ ಸಮುದ್ರ ದಾಟಿದೆ.

ಇದು ಪ್ರಬಲ ಜೀನ್. ಹಾಗಿದ್ದರೆ ಕಡಕನಾಥ್‌ಗೆ ನಾಟಿ ಕೂಡಿಸಿದರೆ ಎಲ್ಲ ಮರಿಗಳೂ ಕಪ್ಪಾಗಬೇಕಲ್ಲ? ಆಗುವುದಿಲ್ಲ, ಏಕೆಂದರೆ ಚರ್ಮದ ಕಪ್ಪನ್ನು ತಡೆಯುವ ಇನ್ನೊಂದು ಪ್ರಬಲ ಜೀನ್ ಝಡ್ ಮೇಲೆ ಕೂತಿದೆ. ಕಾಲು ಹಳದಿಯಾಗಿ ಅಥವಾ ಬಿಳಿಯಾಗಿ ಶುಭ್ರವಾಗಿರುವ ಕೋಳಿಗಳಲ್ಲಿ ಸಾಮಾನ್ಯವಾಗಿ ಈ ತಡೆ ಇರುತ್ತದೆ, ಕಡಕನಾಥ್‌ನಲ್ಲಿ ಇಲ್ಲ. ಈಗ ಮತ್ತೆ ಅಪ್ಪ-ಮಗಳ ಲೆಕ್ಕ. ಕಡಕನಾಥ್ ಹುಂಜಕ್ಕೆ ಹಳದಿ ಕಾಲಿನ ನಾಟಿ ಹೇಂಟೆ ಬಿಟ್ಟರೆ, ಗಂಡುಮರಿಗೆ ಅವ್ವನ ತಡೆ ಸಿಕ್ಕು ಕಪ್ಪು ಮಸುಕಾಗುತ್ತದೆ. ಹೆಣ್ಣುಮರಿಗೆ ತಡೆಯಿಲ್ಲದ ಅಪ್ಪನ ಝಡ್ ಸಿಕ್ಕು ಮೈ ಕಾರ್ಗಪ್ಪಾಗುತ್ತದೆ. ತಿರುವುಮುರುವು ಮಾಡಿ ಕಡಕನಾಥ್ ಹೇಂಟೆಗೆ ನಾಟಿ ಹುಂಜ ಬಿಟ್ಟರೆ ಗಂಡು ಹೆಣ್ಣು ಎಲ್ಲವೂ ಮಸುಕು. ಬೇಟ್ಸನ್ ಮತ್ತು ಪನೆಟ್ 1911ರಲ್ಲಿ ಸಿಲ್ಕಿಗೂ ಕಂದು ಲೆಗಾರ್ನ್‌ಗೂ ಸಂಬಂಧ ಬೆಳೆಸಿ ಕಂಡು ಬರೆದದ್ದು ಇದನ್ನೇ.

ಸಂತೆಯ ಲೆಕ್ಕ ಇಲ್ಲಿಂದ ಶುರು. ಒಂದೇ ಒಂದು ಕಡಕನಾಥ್ ಹುಂಜ ಕೊಂಡವನು ಊರ ಹೇಂಟೆಗಳಿಗೆಲ್ಲ ಅದನ್ನು ಬಿಟ್ಟು, ಹುಟ್ಟಿದ ಕರಿ ಹೇಂಟೆಗಳನ್ನು ಶುದ್ಧ ತಳಿ ಎಂದು ಮಾರಬಹುದು. ಜುಟ್ಟು ಕಪ್ಪು, ಚರ್ಮ ಕಪ್ಪು. ಕಣ್ಣಿಗೆ ಕಾಣುವ ಸಾಕ್ಷಿಯೆಲ್ಲ ಮಾರುವವನ ಪರ. ನಿಜ ಹೊರಬೀಳುವುದು ಮುಂದಿನ ಪೀಳಿಗೆಯಲ್ಲಿ, ಅಂಥ ಮಿಶ್ರ ಹುಂಜ-ಹೇಂಟೆಗಳ ಮರಿಗಳಲ್ಲಿ ಕಾಲುಭಾಗದಷ್ಟು ಬಿಳಿ ಚರ್ಮದವು ಬಂದಾಗ. ಅಷ್ಟು ಹೊತ್ತಿಗೆ ಮಾರಿದವನು ಬೇರೆ ಸಂತೆಯಲ್ಲಿರುತ್ತಾನೆ. ಹಾಗಾಗಿ ಕೊಳ್ಳುವವರು ಆ ಒಂದು ಹಕ್ಕಿಯನ್ನು ತಿರುಗಿಸಿ ತಿರುಗಿಸಿ ನೋಡುವುದಕ್ಕಿಂತ ಅದರ ಒಡಹುಟ್ಟುಗಳನ್ನು, ಅದರಲ್ಲೂ ಗಂಡುಮರಿಗಳನ್ನು ತೋರಿಸು ಎನ್ನುವುದು ಮೇಲು. ಅಣ್ಣತಮ್ಮಂದಿರ ಕಾಲು ಮಸುಕಾಗಿದ್ದರೆ ಅವ್ವ ನಾಟಿ.

ಕಾಲಿನ ಬಣ್ಣದ ಮಾತು ಬಂತು. ಹಳದಿ ಕಾಲು, ಹಳದಿ ಚರ್ಮ ಮೆಲನಿನ್‌ನದಲ್ಲ. ಅದು ಹಸಿರು ಸೊಪ್ಪು, ಮೆಕ್ಕೆಜೋಳದಿಂದ ಬರುವ ಕ್ಯಾರೊಟಿನಾಯ್ಡ್. ಬಿಳಿ ಚರ್ಮದ ಕೋಳಿಯಲ್ಲಿ ಒಂದು ಕಿಣ್ವ ಅದನ್ನು ಚರ್ಮದಲ್ಲೇ ಒಡೆದುಹಾಕುತ್ತದೆ. ಹಳದಿ ಕೋಳಿಯಲ್ಲಿ ಆ ಕಿಣ್ವ ಚರ್ಮದಲ್ಲಿ ತಯಾರಾಗುವುದಿಲ್ಲ. ಸಾಕುಕೋಳಿಯ ಮೂಲ ಕೆಂಪು ಕಾಡುಕೋಳಿ ಒಂದೇ ಎಂದು ಡಾರ್ವಿನ್ ಕಾಲದಿಂದ ನಂಬಿದ್ದರು. ಸ್ವೀಡನ್ನಿನ ಉಪ್ಸಾಲಾದ ವಿಜ್ಞಾನಿಗಳು 2008ರಲ್ಲಿ ಹಳದಿ ಚರ್ಮದ ಈ ಜೀನ್ ಎಲ್ಲಿಂದ ಬಂತು ಎಂದು ಹುಡುಕಿದಾಗ ಅದು ಕೆಂಪು ಕಾಡುಕೋಳಿಯದಾಗಿರಲಿಲ್ಲ. ಬೂದು ಕಾಡುಕೋಳಿಯದಾಗಿತ್ತು. ಅಂದರೆ ಮಲೆನಾಡಿನ, ಕೊಡಗಿನ ಕಾಫಿ ತೋಟದಂಚಿನಲ್ಲಿ ಬೆಳಗಿನ ಹೊತ್ತು ಒಡಕು ಕಂಠದಲ್ಲಿ ಕೂಗುವ, ಕತ್ತಿನ ಗರಿಗಳ ತುದಿಯಲ್ಲಿ ಮೇಣ ಹಚ್ಚಿದಂಥ ಹೊಳಪಿನ ಚುಕ್ಕೆಗಳಿರುವ ಆ ಹುಂಜ. ಭಾರತ ಬಿಟ್ಟರೆ ಬೇರೆಲ್ಲೂ ಅದು ಕಾಡಿನಲ್ಲಿ ಇಲ್ಲ. ಯಾವಾಗಲೋ ಯಾವುದೋ ಹಿತ್ತಲಿನ ಹೇಂಟೆಯೊಡನೆ ಅದು ಕೂಡಿದ್ದರ ಫಲ, ಇವತ್ತು ಅಮೆರಿಕದ ಬ್ರಾಯ್ಲರ್, ಇಟಲಿ ಮೂಲದ ಲೆಗಾರ್ನ್ ಎಲ್ಲದರ ಕಾಲಲ್ಲಿದೆ.

ಆ ಹಳದಿಗೆ ಹಿತ್ತಲಿನವರಿಗೆ ಉಪಯೋಗವಾಗುವ ಇನ್ನೊಂದು ಗುಣವಿದೆ. ಹೇಂಟೆ ಮೊಟ್ಟೆ ಇಡಲು ಶುರುಮಾಡಿದರೆ ತಿಂದ ಕ್ಯಾರೊಟಿನಾಯ್ಡ್ ಎಲ್ಲ ಭಂಡಾರಕ್ಕೆ, ಅಂದರೆ ಮೊಟ್ಟೆಯ ಹಳದಿಗೆ ಹೋಗುತ್ತದೆ. ಮೈಯ ಹಳದಿ ಕರಗುತ್ತ ಬರುತ್ತದೆ. ಮೊದಲು ಮೊಟ್ಟೆ ಬರುವ ದ್ವಾರದ ಸುತ್ತ, ಆಮೇಲೆ ಕಣ್ಣಿನ ಅಂಚು, ಕಿವಿಯೋಲೆ, ಕೊಕ್ಕು, ಕಟ್ಟಕಡೆಗೆ ಕಾಲು. ತಿಂಗಳುಗಟ್ಟಲೆ ಬಿಡದೆ ಇಟ್ಟ ಹೇಂಟೆಯ ಕಾಲು ಬಿಳಿಚಿಕೊಂಡಿರುತ್ತದೆ. ಇಡುವುದು ನಿಂತರೆ ಬಣ್ಣ ಅದೇ ಕ್ರಮದಲ್ಲಿ ಹಿಂದಿರುಗುತ್ತದೆ. ಸಂತೆಯಲ್ಲಿ ಹಳದಿ ಕಾಲಿನ ತಳಿಯ ಬೆಳೆದ ಹೇಂಟೆಗಳನ್ನು ಸಾಲಾಗಿ ಕಟ್ಟಿಹಾಕಿದ್ದರೆ, ಕಾಲು ಅರಿಶಿನದಂತೆ ಹೊಳೆಯುತ್ತಿರುವುದನ್ನು ಒಳ್ಳೆಯ ಆರೋಗ್ಯವೆಂದು ತಿಳಿದು ಜನ ಮೊದಲು ಎತ್ತಿಕೊಳ್ಳುತ್ತಾರೆ. ಮೊಟ್ಟೆಗಾಗಿ ಕೊಳ್ಳುವವರು ಅದನ್ನು ಬಿಟ್ಟು, ಪಕ್ಕದಲ್ಲಿ ಕಾಲು ಬಿಳಿಚಿಕೊಂಡು, ಪುಕ್ಕ ಸವೆದು, ಜುಟ್ಟು ಮಾತ್ರ ಕೆಂಪಗೆ ತುಂಬಿಕೊಂಡು ನಿಂತಿರುವುದನ್ನು ಕೇಳಬೇಕು. ಅದಕ್ಕೆ ಮಾರುವವನು ಕಡಿಮೆ ಬೆಲೆಯನ್ನೇ ಹೇಳುತ್ತಾನೆ.